ನಾಯಿ ಕಂಡ ಕವಯಿತ್ರಿ

ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಕಾದಂಬರಿಕಾರ ಮೆಡೋಸ್ ಟೇಲರನ ಆತ್ಮಕಥೆ 1877ರಲ್ಲಿ ಹೊರಬಂದಿತು. ಅಲ್ಲಿ ಲೇಖಕನೇ ತನ್ನ ಬಾಳನ್ನು ಹೇಳಿಕೊಳ್ಳುತ್ತಾನೆ. ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಲೇಖಕರು ತಮ್ಮ ನಾಯಿ ಕಿವಿಯನ್ನು ಕಾಣುತ್ತಾರೆ. ನಾಯಿಯೇ ಲೇಖಕರನ್ನು ಕಂಡರೆ ಹೇಗಿದ್ದೀತು?

ಆಂಗ್ಲ ಲೇಖಕಿ ವರ್ಜೀನಿಯಾ ವುಲ್ಫ್ 1933ರಲ್ಲಿ ಪ್ರಕಟಿಸಿದ ‘ಫ್ಲಷ್’ ಅಂಥ ಕೃತಿ. ಕವಯಿತ್ರಿ ಎಲಿಜಬೆತ್ ಬ್ಯಾರೆಟಳ ಜೀವನ ಅದರಲ್ಲಿ ಆಕೆಯ ನಾಯಿ ಫ್ಲಷ್‌ನ ಕಣ್ಣಿನಿಂದ ಮೂಡಿದೆ. ಆಕೆಯ ಪತ್ರಗಳೇ ಅದಕ್ಕೆ ಆಧಾರ.

ಇದರಿಂದಾದ ಲಾಭವೇನು? ನಾಯಿಗೆ ಅಕ್ಷರ ಬಾರದು, ಕೀರ್ತಿಯೂ ತಿಳಿಯದು. ಅದು ಬಲ್ಲದ್ದು ಒಡತಿಯ ಕೈ, ದನಿ, ವಾಸನೆ ಮಾತ್ರ. 1846ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕಳ್ಳರು ಫ್ಲಷ್‌ನನ್ನು ಕದ್ದು ಹಣ ಕೇಳಿದರು. ಕೊಡುವುದಕ್ಕೆ ಆಕೆಯ ಪ್ರಿಯಕರ, ಕವಿ ಬ್ರೌನಿಂಗನೂ ಒಪ್ಪಲಿಲ್ಲ. ಕಾಯಿಲೆಯಿಂದ ವರ್ಷಗಟ್ಟಲೆ ಕೋಣೆ ಹಿಡಿದಿದ್ದ ಎಲಿಜಬೆತ್ ಗಾಡಿ ಹತ್ತಿ ಕಳ್ಳರ ಕೇರಿಗೆ ಹೋದಳು. ಕೊನೆಗೆ ಹಣ ತೆತ್ತು ನಾಯಿಯನ್ನು ಬಿಡಿಸಿದಳು. ಅದೇ ತಿಂಗಳು ತಂದೆಗೆ ತಿಳಿಸದೆ ಬ್ರೌನಿಂಗನನ್ನು ಮದುವೆಯಾಗಿ, ಫ್ಲಷ್‌ನೊಡನೆ ಇಟಲಿಗೆ ಹೊರಟಳು.

ಸಾಹಿತ್ಯ ಚರಿತ್ರೆಯಲ್ಲಿ ಆ ಮದುವೆಯ ಇಸವಿ ದೊರೆಯುತ್ತದೆ; ಅದಕ್ಕೆ ಬೇಕಾಗಿದ್ದ ಧೈರ್ಯ ನಾಯಿಯ ಕತೆಯಲ್ಲಿ ಕಾಣುತ್ತದೆ. ಪರೀಕ್ಷೆಗೆಂದು ನಾವು ಕವಿಗಳ ಜನನ ಮರಣಗಳನ್ನು ಬಾಯಿಪಾಠ ಮಾಡುತ್ತೇವೆ. ಅವರ ಮನೆಯಲ್ಲಿದ್ದವರು ಅವರನ್ನು ಹೇಗೆ ಕಂಡಿದ್ದರೆಂದೂ ಕೇಳಿದರೆ, ಪದ್ಯದ ಹಿಂದಿನ ಮನುಷ್ಯ ನಮಗೆ ಸಿಕ್ಕಾನು.