ಪುಷ್ ಬಟನ್ ಆಯ್ಕೆ: ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ

ಲಕ್ಷಾಂತರ ರೂಪಾಯಿಗಳ ಯಂತ್ರವನ್ನು ಕೊಳ್ಳುವಾಗ ಹತ್ತು ಬಾರಿ ಯೋಚಿಸುವ ಉದ್ಯಮಿಗಳು, ಅದರ ನಿಯಂತ್ರಣ ಫಲಕದ ಪುಷ್ ಬಟನ್‌ಗಳನ್ನು ಮಾತ್ರ ಬೆಲೆಯೊಂದನ್ನೇ ನೋಡಿ ಆರಿಸುವುದುಂಟು. ಆದರೆ ಅವಘಡದ ಕ್ಷಣದಲ್ಲಿ ಕಾರ್ಮಿಕನ ಕೈ ಹುಡುಕುವುದು ಈ ಚಿಕ್ಕ ಸಾಧನವನ್ನೇ. ಆದ್ದರಿಂದ ‘ಇದು ಕೆಟ್ಟರೆ ಯಂತ್ರ ನಿಲ್ಲುವುದೋ, ಓಡುತ್ತಲೇ ಇರುವುದೋ?’ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಉಚಿತ.

ಸಂಪರ್ಕದ ಬಗೆ

ಸಾಮಾನ್ಯವಾಗಿ ಪುಷ್ ಬಟನ್ ಮೋಟಾರಿನ ವಿದ್ಯುತ್ತನ್ನು ನೇರವಾಗಿ ಹೊರುವುದಿಲ್ಲ. ಕಾಂಟ್ಯಾಕ್ಟರಿನ ಕಾಯಿಲ್‌ಗೆ ಆಜ್ಞೆಯನ್ನಷ್ಟೇ ನೀಡುತ್ತದೆ. ಸ್ಟಾರ್ಟ್ ಬಟನ್‌ಗೆ ಒತ್ತಿದಾಗ ಕೂಡುವ ಎನ್.ಓ. ಸಂಪರ್ಕವೂ, ಸ್ಟಾಪ್ ಬಟನ್‌ಗೆ ಒತ್ತಿದಾಗ ಬಿಡುವ ಎನ್.ಸಿ. ಸಂಪರ್ಕವೂ ಇರಬೇಕು. ಆಗ ಸ್ಟಾಪ್ ಬಟನ್ನಿನ ತಂತಿ ಕಡಿದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಸ್ಟಾಪ್‌ಗೆ ಎನ್.ಓ. ಬಳಸಿದ್ದರೆ, ತಂತಿ ಕಡಿದಿರುವ ಸಂಗತಿ ತಿಳಿಯುವುದು ಯಂತ್ರವನ್ನು ನಿಲ್ಲಿಸಲೇಬೇಕಾದ ಗಳಿಗೆಯಲ್ಲಿ!

ಬೆರಳು ತೆಗೆದೊಡನೆ ಹಿಂದಿರುಗುವ ಬಟನ್ ಹಾಗೂ ಕಾಂಟ್ಯಾಕ್ಟರಿನ ಹೋಲ್ಡಿಂಗ್ ಸಂಪರ್ಕದ ಏರ್ಪಾಡಿನಿಂದ ಇನ್ನೊಂದು ಪ್ರಯೋಜನವಿದೆ. ವಿದ್ಯುತ್ ಹೋಗಿ ಮರಳಿದಾಗ ಯಂತ್ರ ತಾನಾಗಿ ತಿರುಗತೊಡಗುವುದಿಲ್ಲ.

ಆಂಪೇರ್ ಲೆಕ್ಕ

ಲೇಬಲ್ಲಿನ ‘10 ಆಂಪೇರ್’ ಎಂಬುದು ಹಲವು ವೇಳೆ ಉಷ್ಣ ಮಿತಿ ಮಾತ್ರ. ಕಾಯಿಲ್‌ನ ಮಂಡಲವನ್ನು ಬಿಡಿಸುವ ಸಾಮರ್ಥ್ಯವನ್ನು ಎಸಿ-15, ಡಿಸಿ-13 ಎಂಬ ವರ್ಗಗಳಡಿ ನೋಡಬೇಕು. 10 ಆಂಪೇರ್ ಉಷ್ಣ ಮಿತಿಯ ಎ600 ದರ್ಜೆಯ ಸಂಪರ್ಕಕ್ಕೆ 240 ವೋಲ್ಟ್ ಎಸಿಯಲ್ಲಿ ದೊರೆಯುವುದು 3 ಆಂಪೇರ್. ಡಿಸಿಯಲ್ಲಿ ಕಿಡಿ ಸುಲಭವಾಗಿ ಆರದ ಕಾರಣ ಮಿತಿ ಇನ್ನೂ ಕಡಿಮೆ. ಕ್ಯೂ300 ದರ್ಜೆಗೆ 250 ವೋಲ್ಟ್‌ನಲ್ಲಿ ಕೇವಲ 0.27 ಆಂಪೇರ್.

ತುರ್ತು ನಿಲುಗಡೆ ಮತ್ತು ರಕ್ಷಣೆ

ಐಇಸಿ 60204-1 ಮಾನಕದಂತೆ ತುರ್ತು ನಿಲುಗಡೆಯ ಬಟನ್ ಕೆಂಪಾಗಿದ್ದು, ಅದರ ಹಿನ್ನೆಲೆ ಹಳದಿಯಾಗಿರಬೇಕು. ಅಂಗೈಯಿಂದ ಹೊಡೆಯಲು ಅನುಕೂಲವಾದ ಅಣಬೆಯಾಕಾರದ್ದನ್ನು ಆರಿಸಿರಿ. ಒತ್ತಿದೊಡನೆ ಅದು ಸಿಕ್ಕಿಕೊಳ್ಳಬೇಕು. ತಿರುಗಿಸಿ ಬಿಡಿಸಿದ ಮಾತ್ರಕ್ಕೆ ಯಂತ್ರ ಚಾಲನೆಗೊಳ್ಳಕೂಡದು.

ಧೂಳು ಮತ್ತು ನೀರಿನ ಸಿಂಚನವಿರುವಲ್ಲಿ ಐಪಿ 65 ರಕ್ಷಣೆಯನ್ನು ಕೇಳಿರಿ. ಇದು ನೀರಿನ ಪರೀಕ್ಷೆಯೇ ಹೊರತು ಎಣ್ಣೆಯದಲ್ಲ. ಲೇತ್, ಮಿಲ್ಲಿಂಗ್ ಯಂತ್ರಗಳ ಕೂಲೆಂಟ್ ಎಣ್ಣೆಯನ್ನು ಗ್ಯಾಸ್ಕೆಟ್ ತಡೆಯುವುದೇ ಎಂದು ಮಾರಾಟಗಾರರಿಂದ ಲಿಖಿತವಾಗಿ ಪಡೆಯುವುದು ಒಳಿತು. ಬದಲಿ ಬಟನ್ ಕೊಳ್ಳುವ ಮುನ್ನ ಫಲಕದ ರಂಧ್ರ 22.5 ಮಿ.ಮೀ.ನದೋ, 30.5 ಮಿ.ಮೀ.ನದೋ ಅಳೆಯಿರಿ.

ಕೊನೆಯದಾಗಿ, ತುರ್ತು ಬಟನ್‌ಗಳನ್ನು ನಿಯತವಾಗಿ ಒತ್ತಿ ಪರೀಕ್ಷಿಸಿ, ದಿನಾಂಕವನ್ನು ಪುಸ್ತಕದಲ್ಲಿ ನಮೂದಿಸಿರಿ. ಬಟನ್ನಿನಲ್ಲಿ ಉಳಿಸಿದ ಹಣ ಒಬ್ಬ ಕಾರ್ಮಿಕನ ಬೆರಳಿಗೂ ಸಮನಾಗದು.