ಚಿಗರಿಗೆ ಬಿಟ್ಟ ಬಿಳಿ ಜಾಗ

ಬೀದರ್ ಜಿಲ್ಲೆಯ ಠಾಣಾ ಕುಶನೂರಿನ ಸುತ್ತಲಿನ ಹೊಲಗಳಲ್ಲಿ ತೊಗರಿ ರಾಶಿ ಮುಗಿದ ಮೇಲೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇರುವುದಿಲ್ಲ. ಬಿಸಿಲೇರುವ ಮೊದಲೇ ಬದುವಿನ ಮೇಲೆ ಕುಳಿತರೆ ದೂರದ ನೆಲದ ಮೇಲೆ ಬಿಳಿ ಚುಕ್ಕೆಗಳು ಕಾಣತೊಡಗುತ್ತವೆ. ಅವು ಚಿಗರಿಗಳ ಹೊಟ್ಟೆ. ಕಂದು ಮೈ ಆಮೇಲೆ ಗೊತ್ತಾಗುತ್ತದೆ, ಗಂಡಿನ ತಿರುಚಿದ ಕೊಂಬು ಕೊನೆಗೆ. ಪುಸ್ತಕಗಳು ಕೃಷ್ಣಮೃಗ ಎನ್ನುವ ಪ್ರಾಣಿ ನಮಗೆ ಚಿಗರಿ. ಜಲವರ್ಣದಲ್ಲಿ ಕಾಡುಪ್ರಾಣಿಗಳನ್ನು ಬರೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗಲಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಕಾರಣ ಆ ಬಿಳುಪು. ತೈಲವರ್ಣದಲ್ಲಿ ಬಿಳಿಯನ್ನು ಕೊನೆಗೆ ಹಚ್ಚಬಹುದು. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ; ಒಮ್ಮೆ ಬಣ್ಣ ಬಿದ್ದ ಮೇಲೆ ಅದು ಪೂರ್ತಿ ಮರಳಿ ಬರುವುದಿಲ್ಲ. ಆದ್ದರಿಂದ ಎಲ್ಲಿ ಬಣ್ಣ ಹಚ್ಚಬಾರದು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಚಿಗರಿಯ ಹೊಟ್ಟೆ, ಗದ್ದ, ಕಾಲುಗಳ ಒಳಬದಿ, ಕಣ್ಣ ಸುತ್ತಲಿನ ಬಿಳಿ ಬಳೆ, ಇಷ್ಟನ್ನು ಪೆನ್ಸಿಲ್ಲಿನಲ್ಲಿ ಹಗುರವಾಗಿ ಗುರುತಿಸಿಕೊಂಡು ಕುಂಚವನ್ನು ಅದರಾಚೆಗೇ ಓಡಿಸಬೇಕು. ಅರ್ಧ ಚಿಗರಿಯನ್ನು ನಾವು ಬರೆಯುವುದೇ ಇಲ್ಲ, ಉಳಿಸಿಕೊಳ್ಳುತ್ತೇವೆ.

ಬಣ್ಣಗಳೂ ಬಹಳ ಬೇಡ. ಹೆಣ್ಣು ಮತ್ತು ಮರಿಗಳ ಮೈಗೆ ಯೆಲ್ಲೋ ಓಕರ್ ಜೊತೆ ಸ್ವಲ್ಪ ಬರ್ಂಟ್ ಸಿಯೆನಾ ಸಾಕು. ಗಂಡು ವಯಸ್ಸಾದಂತೆ ಕಪ್ಪಾಗುತ್ತದೆ. ಅದಕ್ಕೆ ಕಪ್ಪು ಟ್ಯೂಬು ಒತ್ತಬೇಡಿ; ಆ ಕಪ್ಪು ಕಾಗದದ ಮೇಲೆ ತೂತು ಬಿದ್ದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನಾ ಬೆರೆಸಿದರೆ ಉಸಿರಾಡುವ ಕಪ್ಪು ಬರುತ್ತದೆ. ಬಿಸಿಲು ಬಿದ್ದ ಬೆನ್ನಿಗೆ ಕಂದು ಹೆಚ್ಚು, ನೆರಳಿನ ಪಕ್ಕೆಗೆ ನೀಲಿ ಹೆಚ್ಚು. ಕಪ್ಪು ಪಕ್ಕೆ ಬಿಳಿ ಹೊಟ್ಟೆಗೆ ತಾಗುವ ಗೆರೆ ಚೂಪಾಗಿರಬೇಕು, ಅಲ್ಲಿ ಕಾಗದ ಒಣಗಿರಬೇಕು. ಬೆನ್ನಿನ ಅಂಚು ಹಿಂದಿನ ಬಯಲಿನಲ್ಲಿ ಕರಗಬೇಕು, ಅಲ್ಲಿ ಕಾಗದ ಒದ್ದೆಯಿರಬೇಕು. ಎಲ್ಲ ಅಂಚೂ ಒಂದೇ ಸಮ ಚೂಪಾದರೆ ಪ್ರಾಣಿ ಕತ್ತರಿಸಿ ಅಂಟಿಸಿದಂತಾಗುತ್ತದೆ. ನಮ್ಮ ಕಡೆಯ ಬೇಸಿಗೆಯ ಒಣಗಾಳಿಗೆ ಹಚ್ಚಿದ ನೀರು ಕ್ಷಣದಲ್ಲಿ ಆರುತ್ತದೆ. 300 ಜಿಎಸ್‌ಎಂ ಹತ್ತಿಯ ಕಾಗದವನ್ನು ಎರಡೂ ಮಗ್ಗುಲಿಗೆ ತೋಯಿಸಿಕೊಂಡರೆ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಕೊಂಬಿನ ಉಂಗುರಗಳನ್ನು ಎಣಿಸುತ್ತಾ ಕೂರಬೇಡಿ. ಕಣ್ಣು ಕೊನೆಗೆ, ಅದರೊಳಗೆ ಸೂಜಿಮೊನೆಯಷ್ಟು ಕಾಗದ ಬಿಟ್ಟರೆ ಅದೇ ಬೆಳಕು.

ಇಷ್ಟೆಲ್ಲ ಸರಿಯಿದ್ದೂ ಚಿತ್ರಕ್ಕೆ ಜೀವ ಬಾರದಿರಬಹುದು. ನಾನು ಬರೆದಿದ್ದನ್ನು ಹೊಲದ ಯಜಮಾನರೊಬ್ಬರು ಬಗ್ಗಿ ನೋಡಿ ಹೇಳಿದ್ದು ನೆನಪಿದೆ: “ಚೆಂದ ತೆಗ್ದೀರಿ ಖರೇ, ಆದ್ರ ಇದು ಕಟ್ಟಿ ಹಾಕಿದ ಆಡಿನಂಗ ನಿಂತದ. ನಾ ಬರಾದು ಕೇಳಿದ್ರ ಅದು ಒಂದ್ ಕಿವಿ ನನ್ ಕಡಿ, ಒಂದ್ ಕಿವಿ ಗುಂಪಿನ ಕಡಿ ಇಡ್ತದ್ರಿ.” ಬೆಳೆ ಕಾಯುತ್ತಾ ರಾತ್ರಿಗಳನ್ನು ಕಳೆದವರ ಕಣ್ಣು ಅದು. ಅಂದಿನಿಂದ ಪೆನ್ಸಿಲ್ ಮುಟ್ಟದೆ, ಅರ್ಧ ನಿಮಿಷಕ್ಕೊಂದರಂತೆ ಕುಂಚದಿಂದಲೇ ಭಂಗಿಗಳನ್ನು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಕತ್ತೆತ್ತಿದ್ದು, ಕಾಲು ಮಡಚಿದ್ದು, ನೆಗೆಯುವ ಮೊದಲು ಮೈ ಬಿಗಿದದ್ದು. ಹತ್ತರಲ್ಲಿ ಒಂಬತ್ತು ಬರೀ ಕಲೆಗಳು. ಹತ್ತನೆಯದರಲ್ಲಿ ಚಿಗರಿ ಇರುತ್ತದೆ. ಮೊಬೈಲಿನ ಫೋಟೊ ನೋಡಿ ಬರೆದರೆ ಈ ಬಿಗಿ ಕೈಗೆ ಸಿಗುವುದಿಲ್ಲ.

ಹಿಂದಿನವರೂ ಕಲಿತದ್ದು ಜೀವಂತ ಪ್ರಾಣಿಯನ್ನು ನೋಡಿಯೇ. 1612ರಲ್ಲಿ ಗೋವಾದಿಂದ ಟರ್ಕಿ ಕೋಳಿ ಬಂದಾಗ ಜಹಾಂಗೀರ್ ಅದರ ಚಿತ್ರ ಬರೆಸಿದ. ಉಸ್ತಾದ್ ಮನ್ಸೂರನದೆನ್ನುವ ಆ ಕೋಳಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕಲ್ಕತ್ತೆಯಲ್ಲಿ 1777ರಿಂದ ಶೇಖ್ ಜೈನುದ್ದೀನ್ ಇಂಪೀ ಎಂಬ ಇಂಗ್ಲಿಷ್ ದಂಪತಿಯ ಪ್ರಾಣಿಸಂಗ್ರಹದ ಹಕ್ಕಿಗಳನ್ನು ಇಂಗ್ಲಿಷ್ ಕಾಗದದ ಮೇಲೆ ಬರೆದರು. ಹಿನ್ನೆಲೆಯನ್ನೆಲ್ಲ ಬಿಳಿಯಾಗಿಯೇ ಬಿಟ್ಟರು. ನಮ್ಮವರೇ ಆದ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕನಾಲ್‌ಗಳಿಗೆ ಹೋಗಿ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿಗೆ ಹೋದಾಗ ಅವರ ಹೆಸರಿನ ಗ್ಯಾಲರಿಯನ್ನು ತಪ್ಪಿಸಬೇಡಿ.

ಅಷ್ಟು ದೂರವೂ ಬೇಕಿಲ್ಲ. ಬೀದರ್ ಕೋಟೆಯ ಶರ್ಜಾ ದರ್ವಾಜಾದ ಮೇಲೆ 1503ರ ಹುಲಿಗಳಿವೆ. ತಖ್ತ್ ಮಹಲಿನ ಹೆಂಚಿನ ಕೆಲಸದಲ್ಲಿ ಹುಲಿಯ ಬೆನ್ನ ಹಿಂದೆ ಸೂರ್ಯನಿದ್ದಾನೆ. ಬಿದರಿ ಕೆಲಸದವರು ಸತು, ತಾಮ್ರದ ಪಾತ್ರೆಯಲ್ಲಿ ಗೆರೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೋಟೆಯ ಮಣ್ಣಿನಿಂದ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಚಿಗರಿಯ ಕಪ್ಪು ಪಕ್ಕೆ ಮತ್ತು ಬಿಳಿ ಹೊಟ್ಟೆಯ ನಡುವಿನ ಗೆರೆಯನ್ನು ಕಾಯುವಾಗ ನನಗೆ ಆ ಬಿದರಿಯ ಹೂದಾನಿಗಳು ಕಣ್ಣ ಮುಂದೆ ಬರುತ್ತವೆ. ಕಪ್ಪಿನ ಪಕ್ಕದಲ್ಲಿ ಬಿಳುಪನ್ನು ಕಾಪಾಡುವ ಕೈ ಈ ಜಿಲ್ಲೆಗೆ ಹೊಸದಲ್ಲ.

ಒಂದು ಮಾತನ್ನು ಮರೆಯಬಾರದು. ನಮಗೆ ಚಿತ್ರವಾಗುವ ಈ ಗುಂಪು ರೈತರ ಎಳೆ ಕಡಲೆಯನ್ನು ಮೇಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅದನ್ನು ಹೊಡೆಯುವಂತಿಲ್ಲ. ಓಡಿಸುತ್ತಾ ಕಾಯುವುದೇ ರೈತರ ಪಾಲಿಗೆ ಬಂದದ್ದು. ಬದುವಿನ ಮೇಲೆ ಬಣ್ಣದ ಪೆಟ್ಟಿಗೆ ಬಿಚ್ಚುವ ಮೊದಲು ಹೊಲದವರನ್ನು ಒಂದು ಮಾತು ಕೇಳುವುದು ನಮ್ಮ ಕರ್ತವ್ಯ.

ಔರಾದ್, ಭಾಲ್ಕಿ, ಕಮಲನಗರ ಕಡೆಯ ಶಾಲೆಗಳ ಚಿತ್ರಕಲಾ ಶಿಕ್ಷಕರಲ್ಲಿ ನನ್ನದೊಂದು ಬಿನ್ನಹ. ರಾಶಿ ಮುಗಿದ ಮೇಲೆ ಒಂದು ಬೆಳಗ್ಗೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಒಬ್ಬೊಬ್ಬರಿಗೆ ಒಂದು ಕುಂಚ, ಎರಡು ಬಣ್ಣ, ಒಂದು ಬಾಟಲಿ ನೀರು ಸಾಕು. ಗದ್ದಲ ಮಾಡದೆ ಕುಳಿತರೆ ಚಿಗರಿಗಳು ಬರುತ್ತವೆ.