ಕಲ್ಲಿಗೆ ಕಿಂಡಿ ಬಿದ್ದ ಕಥೆ

ಮೊಣಕಾಲು ಮಡಚಿ, ಬೆನ್ನ ಮೇಲೆ ಅರ್ಧ ಒರಗಿ, ಹೊಟ್ಟೆಯ ಮೇಲೆ ಬಟ್ಟಲು ಹಿಡಿದು, ಕತ್ತನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದ ಗಂಡಸು. ಮೆಕ್ಸಿಕೊದ ಚಿಚೆನ್ ಇಟ್ಜಾದಲ್ಲಿ ಸಿಕ್ಕ, ಸುಮಾರು ಸಾವಿರ ವರ್ಷ ಹಳೆಯದಾದ ಈ ಸುಣ್ಣಕಲ್ಲಿನ ಮೂರ್ತಿಯ ಹೆಸರು ಚಾಕ್‌ಮೂಲ್. 1920ರ ದಶಕದಲ್ಲಿ ಪ್ಯಾರಿಸ್ಸಿನ ಟ್ರೊಕಾಡೆರೊ ಮ್ಯೂಸಿಯಮ್ಮಿನಲ್ಲಿ ಅದರ ಪ್ಲಾಸ್ಟರ್ ನಕಲನ್ನು ಕಂಡ ಇಂಗ್ಲಿಷ್ ಶಿಲ್ಪಿ ಹೆನ್ರಿ ಮೂರ್, ಒರಗಿದ ಆ ಭಂಗಿಯನ್ನು ಕೊನೆವರೆಗೂ ಬಿಡಲಿಲ್ಲ.

ಮೂರ್ ಹುಟ್ಟಿದ್ದು 1898ರಲ್ಲಿ, ಯಾರ್ಕ್‌ಷೈರಿನ ಕ್ಯಾಸಲ್‌ಫರ್ಡ್‌ನ ಕಲ್ಲಿದ್ದಲು ಗಣಿಕಾರ್ಮಿಕನ ಮನೆಯಲ್ಲಿ. 1921ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿದರು. ಆದರೆ ಅವರ ನಿಜವಾದ ಪಾಠಶಾಲೆ ಬ್ರಿಟಿಷ್ ಮ್ಯೂಸಿಯಂ. ಈಜಿಪ್ಟ್, ಸುಮೇರ್, ಮೆಕ್ಸಿಕೊಗಳ ಮೂರ್ತಿಗಳಲ್ಲಿ ಕಲ್ಲು ಚರ್ಮ, ಮಾಂಸಗಳ ವೇಷ ಹಾಕಿರಲಿಲ್ಲ, ಕಲ್ಲಾಗಿಯೇ ಉಳಿದಿತ್ತು. 1929ರಲ್ಲಿ ಕಂದು ಬಣ್ಣದ ಹಾರ್ನ್‌ಟನ್ ಕಲ್ಲಿನಲ್ಲಿ ಮೂರ್ ಕಡೆದ 'ಒರಗಿದ ಆಕೃತಿ' ಈಗ ಲೀಡ್ಸ್ ಆರ್ಟ್ ಗ್ಯಾಲರಿಯಲ್ಲಿದೆ. ಅದರಲ್ಲಿ ಗಂಡಸಿನ ಜಾಗಕ್ಕೆ ಹೆಂಗಸು ಬಂದಿದ್ದಾಳೆ, ಬಟ್ಟಲು ಹೋಗಿದೆ, ಮೈ ಪಕ್ಕಕ್ಕೆ ವಾಲಿದೆ. ಬಂಡೆಯ ಆ ಭಾರ ಮಾತ್ರ ಹಾಗೇ ಇದೆ.

ಭಾರವನ್ನು ಉಳಿಸಿಕೊಳ್ಳುವುದು ಮೆಕ್ಸಿಕೊದಿಂದ ಬಂತು. ಕಲ್ಲನ್ನು ಎಲ್ಲಿ ಕೊರೆದು ತೆಗೆಯಬೇಕೆಂಬುದನ್ನು ಕಡಲು ಹೇಳಿಕೊಟ್ಟಿತು. 1930ರ ಸುಮಾರಿಗೆ ರಜೆಯಲ್ಲಿ ನಾರ್‌ಫೋಕ್ ತೀರಕ್ಕೆ ಹೋದಾಗ ಮೂರ್ ಉರುಟುಗಲ್ಲುಗಳನ್ನು ಆಯ್ದು ತರುತ್ತಿದ್ದರು. ಅಲೆ ಸವೆಸಿ ತೂತು ಮಾಡಿದರೂ ಒಡೆಯದ ಕಲ್ಲುಗಳು ಅವು. ಕಿಂಡಿಯ ಅಳತೆ, ಆಕಾರ ಸರಿಯಿದ್ದರೆ ಕಲ್ಲಿನ ಬಲ ಕುಗ್ಗುವುದಿಲ್ಲ, ಕಮಾನು ನಿಲ್ಲುವುದೂ ಹಾಗೆಯೇ ಎಂದು 1937ರ ಲೇಖನವೊಂದರಲ್ಲಿ ಅವರು ವಾದಿಸಿದರು. ಈ ಹಾದಿಯಲ್ಲಿ ಅವರು ಒಂಟಿಯಲ್ಲ: ಗೆಳತಿ, ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಆ ದಶಕದ ಆರಂಭದಲ್ಲೇ ಕಲ್ಲನ್ನು ಆರಪಾರ ಕೊರೆದಿದ್ದರು.

1940ರಲ್ಲಿ ಬಾಂಬ್ ದಾಳಿಗೆ ಲಂಡನ್ನಿನ ಸ್ಟುಡಿಯೊ ಹಾಳಾದಾಗ ಮೂರ್ ಹರ್ಟ್‌ಫರ್ಡ್‌ಷೈರಿನ ಪೆರಿ ಗ್ರೀನ್ ಹಳ್ಳಿಗೆ ಬಂದರು. ಅಲ್ಲಿನ ಸಣ್ಣ ಸ್ಟುಡಿಯೊದ ಕಪಾಟಿನ ತುಂಬ ಚಕಮಕಿ ಕಲ್ಲು, ಚಿಪ್ಪು, ಮೂಳೆ. ಒಂದು ಚಕಮಕಿಗೆ ಮಣ್ಣಿನ ತಲೆ ಅಂಟಿಸುವುದು, ಅಂಗೈಯಲ್ಲಿಟ್ಟು ಸುತ್ತಲೂ ತಿರುಗಿಸಿ ನೋಡುವುದು. ಒಪ್ಪಿದ್ದನ್ನು ಮಾತ್ರ ದೊಡ್ಡದಾಗಿ ಮಾಡುವುದು. 1958ರ ಹೊತ್ತಿಗೆ ಪ್ಯಾರಿಸ್ಸಿನ ಯುನೆಸ್ಕೊ ಕಚೇರಿಗಾಗಿ ಟ್ರಾವರ್ಟೀನ್ ಕಲ್ಲಿನಲ್ಲಿ ಮುಗಿಸಿದ ಒರಗಿದ ಆಕೃತಿಯ ಉದ್ದ ಸುಮಾರು 5 ಮೀಟರ್.

1970ರ ದಶಕದ ಹೊಸ್ತಿಲಲ್ಲಿ, ಗೆಳೆಯರಾದ ಹಕ್ಸ್‌ಲಿ ದಂಪತಿ ಕೊಟ್ಟ ಆನೆಯ ತಲೆಬುರುಡೆಯನ್ನು ಎದುರಿಗಿಟ್ಟುಕೊಂಡು ಮೂರ್ ಎಚಿಂಗ್ ಅಚ್ಚುಚಿತ್ರಗಳ ಸರಣಿಯನ್ನೇ ಮಾಡಿದರು. ಅವುಗಳಲ್ಲಿ ಇಡೀ ಬುರುಡೆಗಿಂತ ಅದರ ಪೊಳ್ಳುಗಳೇ ಎದ್ದು ಕಾಣುತ್ತವೆ: ಗವಿ, ಸುರಂಗ, ಬಾಗಿಲುಗಳಂಥ ಕಿಂಡಿಗಳು. ಗಟ್ಟಿ ಕಲ್ಲಿನಿಂದ ಹೊರಟ ಶಿಲ್ಪಿಗೆ ಆ ಹೊತ್ತಿಗೆ ಖಾಲಿ ಜಾಗವೂ ಕಡೆಯುವ ವಸ್ತುವೇ ಆಗಿತ್ತು.